ಶಾರ್ಟ್ ಬಿದ್ದವರು ಯಾರು?

ಮಕ್ಕಳೇ, ಈ ವಾರ ನಿಮಗೊಂದು ಜಗಳದ ಕಥೆ. ಜಗಳ ಆಡಿದವರು ನಿಮ್ಮಂಥ ಹುಡುಗರಲ್ಲ, ಎಪ್ಪತ್ತು ದಾಟಿದ ಇಬ್ಬರು ಮುದುಕರು. ಒಬ್ಬ ನಾನೇ. ಇನ್ನೊಬ್ಬ ನನ್ನ ಹಳೆಯ ಗೆಳೆಯ. ಬ್ಯಾಂಕಿನಲ್ಲಿ ಸದಾ ಕ್ಯಾಷ್ ಕೌಂಟರಿನಲ್ಲಿ ಕೂರುತ್ತಿದ್ದವನು, ಹಾಗಾಗಿ ನಮ್ಮ ಮೊಮ್ಮಗನಿಗೆ ಅವನು ‘ಕ್ಯಾಷಿಯರ್ ತಾತ’.

ಜಗಳ ಹುಟ್ಟಿದ್ದು 1975ರಲ್ಲಿ, ಕೆ.ಆರ್. ನಗರದಲ್ಲಿ. ಇಬ್ಬರೂ ಆಗಷ್ಟೇ ಕೆಲಸಕ್ಕೆ ಸೇರಿದ ಗುಮಾಸ್ತರು, ಒಂದೇ ಬಾಡಿಗೆ ಕೋಣೆ. ಅಕ್ಟೋಬರ್ 1ರಂದು ಫಿಲಿಪೀನ್ಸ್ ದೇಶದ ಮನಿಲಾದಲ್ಲಿ ಮಹಮದ್ ಅಲಿಗೂ ಜೋ ಫ್ರೇಜಿಯರ್‌ಗೂ ಬಾಕ್ಸಿಂಗ್ ನಡೆಯಿತು. ಮಾರನೆಯ ದಿನ ಗಾಂಧಿ ಜಯಂತಿ, ಬ್ಯಾಂಕಿಗೆ ರಜೆ. ಅಹಿಂಸೆಯ ದಿನ ನಾವು ಹೋಟೆಲಿನಲ್ಲಿ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡಿದ್ದೆಲ್ಲ ಗುದ್ದಿನ ವಿಷಯವೇ!

ಅದು ಅವರಿಬ್ಬರ ಮೂರನೆಯ ಪಂದ್ಯ. 1971ರಲ್ಲಿ ಫ್ರೇಜಿಯರ್ ಗೆದ್ದಿದ್ದರು, 1974ರಲ್ಲಿ ಅಲಿ. ಮನಿಲಾಕ್ಕೆ ಬರುವಾಗ ಅಲಿಗೆ 33 ವರ್ಷ, ಫ್ರೇಜಿಯರ್‌ಗೆ 31. ಆ ಆಟದಲ್ಲಿ ಅದು ಚಿಕ್ಕ ವಯಸ್ಸಲ್ಲ, ಇಬ್ಬರೂ ಪೆಟ್ಟು ತಿಂದು ಹಣ್ಣಾಗಿದ್ದವರು. ಹದಿನೈದು ಸುತ್ತಿನ ಪಂದ್ಯದಲ್ಲಿ ಹದಿನಾಲ್ಕು ಸುತ್ತು ಸುಡುವ ಸೆಕೆಯಲ್ಲಿ ಗುದ್ದಾಡಿದರು. ಫ್ರೇಜಿಯರ್‌ಗೆ ಎಡಗಣ್ಣು ಮೊದಲೇ ಮಂದ, ಈಗ ಬಲಗಣ್ಣೂ ಊದಿ ಮುಚ್ಚಿಕೊಂಡಿತು. ಅವರ ಗುರು ಎಡ್ಡಿ ಫಚ್, ರಿಂಗಿನಲ್ಲಿ ಪ್ರಾಣ ಬಿಟ್ಟವರನ್ನು ಕಣ್ಣಾರೆ ಕಂಡಿದ್ದ ಹಿರಿಯ. ‘ಸಾಕು’ ಎಂದುಬಿಟ್ಟರು. ಫ್ರೇಜಿಯರ್ ಬೇಡ ಬೇಡ ಎಂದರೂ ಕೇಳಲಿಲ್ಲ. ಗೆದ್ದ ಅಲಿ ಎದ್ದು ನಿಂತವರು ಅಲ್ಲೇ ಕುಸಿದರು. ಸಾವಿಗೆ ಅಷ್ಟು ಹತ್ತಿರ ತಾನು ಹೋದದ್ದೇ ಇಲ್ಲ ಎಂದು ಆಮೇಲೆ ಅವರೇ ಹೇಳಿಕೊಂಡರು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಹಾಕುವಾಗ ಹಣ ಕಡಿಮೆ ಬಂದರೆ ‘ಶಾರ್ಟ್’ ಎನ್ನುತ್ತೇವೆ. ನಮ್ಮ ವಾದವೂ ಅದೇ: ಆ ಇಬ್ಬರಲ್ಲಿ ಶಾರ್ಟ್ ಯಾರು?

‘ಫ್ರೇಜಿಯರ್’ ಎಂದು ನಾನು. ಇನ್ನು ಮೂರೇ ನಿಮಿಷ ಉಳಿದಿತ್ತು, ಏಳಲಿಲ್ಲ.

‘ಅಲಿ ಕಣಯ್ಯ’ ಎಂದು ಅವನು. ಹದಿನಾಲ್ಕನೆಯ ಸುತ್ತು ಮುಗಿದಾಗ ಗ್ಲೌಸು ಬಿಚ್ಚಿಬಿಡಿ ಎಂದು ಅಲಿಯೂ ಹೇಳಿದ್ದರು ಎನ್ನುವವರಿದ್ದಾರೆ. ಅದನ್ನೇ ಅವನು ಹಿಡಿದುಕೊಂಡಿದ್ದ. ‘ಇನ್ನರ್ಧ ನಿಮಿಷ ಈ ಕಡೆಯವರು ತಡೆದಿದ್ದರೆ ಆ ಕಡೆಯವರೇ ಸೋಲುತ್ತಿದ್ದರು!’

ಕೆ.ಆರ್. ನಗರ, ಎಚ್.ಡಿ. ಕೋಟೆ, ಹುಣಸೂರು ಎಂದು ವರ್ಗವಾದಲ್ಲೆಲ್ಲ ಈ ವಾದ ನಮ್ಮ ಜೊತೆ ಬಂತು. ನಿವೃತ್ತರಾಗಿ ಹುಣಸೂರಿನ ನಮ್ಮ ಬೀದಿಯ ಅರಳಿಕಟ್ಟೆಗೂ ಬಂತು. ಐವತ್ತು ವರ್ಷ ಹೀಗೆ ನಗುನಗುತ್ತಾ ಜಗಳವಾಡಿದ್ದೇವೆ.

ಹೋದ ತಿಂಗಳು ಒಂದು ಸಂಜೆ ವಾದದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಾಗ ನಾಲಿಗೆ ಮುಂದೆ ಓಡುತ್ತದೆ, ಮಕ್ಕಳೇ. ‘ನಿನಗೆ ಫ್ರೇಜಿಯರ್ ಮೇಲೆ ಯಾಕಿಷ್ಟು ಪ್ರೀತಿ ಅಂತ ಗೊತ್ತು ಬಿಡು. ನೀನೂ ಹದಿನೈದನೆಯ ಸುತ್ತಿಗೆ ಏಳದವನೇ ತಾನೆ!’ ಎಂದುಬಿಟ್ಟೆ.

2001ರಲ್ಲಿ ಬ್ಯಾಂಕಿನ ಸ್ವಯಂ ನಿವೃತ್ತಿ ತೆಗೆದುಕೊಂಡು ಅವನು ಕೆಲಸ ಬಿಟ್ಟಿದ್ದ. ಇನ್ನೂ ಹತ್ತು ವರ್ಷ ಸರ್ವೀಸಿತ್ತು, ಬಡ್ತಿಯೂ ಬರುವುದಿತ್ತು. ಬಿಟ್ಟದ್ದು ಹೆಂಡತಿಗಾಗಿ. ಅವರಿಗೆ ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು. ಆ ತಾಯಿ ಹೋಗುವವರೆಗೂ ಆರು ವರ್ಷ ಅವನು ಅದನ್ನು ತಪ್ಪಿಸಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ.

ಅವನು ಏನೂ ಹೇಳದೆ ಕೊಡೆ ಎತ್ತಿಕೊಂಡು ಹೋದ. ಮರುದಿನ ಬರಲಿಲ್ಲ. ಒಂದು ವಾರ ಕಟ್ಟೆಯ ಆ ಮೂಲೆ ಖಾಲಿ. ಪಿರಿಯಾಪಟ್ಟಣದ ಮಗಳ ಮನೆಗೆ ಹೋಗಿದ್ದಾನೆಂದು ತಿಳಿಯಿತು.

ಆರನೆಯ ಕ್ಲಾಸಿನ ಮೊಮ್ಮಗ ಕೇಳಿದ: ‘ತಾತ, ನಿಮ್ಮಿಬ್ಬರಲ್ಲಿ ಯಾರು ಸೋತಿದ್ದು?’

ಉತ್ತರ ಕೊಡಲು ಅಲಿಯ ಇನ್ನೊಂದು ಕಥೆ ಹೇಳಬೇಕಾಯಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲಾರೆ ಎಂದದ್ದಕ್ಕೆ 1967ರಲ್ಲಿ ಅಲಿಯ ಪಟ್ಟ ಕಿತ್ತುಕೊಂಡರು. ಮೂರು ವರ್ಷಕ್ಕೂ ಹೆಚ್ಚು ಕಾಲ ರಿಂಗಿಗೆ ಇಳಿಯುವ ಹಾಗಿರಲಿಲ್ಲ. ಆ ಕಷ್ಟದ ದಿನಗಳಲ್ಲಿ ನೆರವಾದವರಲ್ಲಿ ಫ್ರೇಜಿಯರ್ ಕೂಡ ಒಬ್ಬರು. ಅಂಥವರನ್ನೇ ಅಲಿ ಮನಿಲಾದಲ್ಲಿ ಗೊರಿಲ್ಲ ಎಂದು ಜರೆದರು. ಪತ್ರಿಕೆಯವರ ಮುಂದೆ ರಬ್ಬರಿನ ಗೊರಿಲ್ಲ ಗೊಂಬೆಗೆ ಗುದ್ದಿ ಎಲ್ಲರನ್ನೂ ನಗಿಸಿದರು. ಕಣ್ಣಿನ ಊತ ವಾರದಲ್ಲಿ ಇಳಿದಿರಬಹುದು. ಆ ಮಾತಿನ ನೋವು ಫ್ರೇಜಿಯರ್ ಮನಸ್ಸಿನಲ್ಲಿ ಹತ್ತಾರು ವರ್ಷ ಉಳಿಯಿತು. ಕೊನೆಗೆ 2001ರಲ್ಲಿ ಅಲಿ, ಬಿಸಿಯಲ್ಲಿ ಆಡಬಾರದ್ದನ್ನು ಆಡಿದೆ ಎಂದು ಪತ್ರಿಕೆಯೊಂದರಲ್ಲಿ ಕ್ಷಮೆ ಕೇಳಿದರು. 2011ರಲ್ಲಿ ಫ್ರೇಜಿಯರ್ ತೀರಿಕೊಂಡಾಗ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಗುತ್ತಿದ್ದ ಅಲಿ ಅಂತ್ಯಕ್ರಿಯೆಗೂ ಹೋಗಿದ್ದರು.

‘ಗುದ್ದಿನಲ್ಲಿ ಇಬ್ಬರೂ ಶಾರ್ಟ್ ಅಲ್ಲ ಮಗು. ಮಾತಿನಲ್ಲಿ ಅಲಿ ಶಾರ್ಟ್. ಇಲ್ಲಿ ನಾನು’ ಎಂದೆ.

‘ಹಾಗಾದರೆ ನೀವೇ ಕಟ್ಟಬೇಕಲ್ಲ?’ ಎಂದ. ಬ್ಯಾಂಕಿನಲ್ಲಿ ಶಾರ್ಟ್ ಬಂದರೆ ತಪ್ಪು ಮಾಡಿದವನೇ ಕೈಯಿಂದ ಕಟ್ಟಬೇಕು ಎಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ.

ಭಾನುವಾರ ಇಬ್ಬರೂ ಪಿರಿಯಾಪಟ್ಟಣದ ಬಸ್ಸು ಹತ್ತಿದೆವು. ಕಂಪಲಾಪುರದ ಹತ್ತಿರ ಬ್ಯಾರನ್‌ಗಳಲ್ಲಿ ಬೇಯುತ್ತಿದ್ದ ಹೊಗೆಸೊಪ್ಪಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅವನನ್ನು ಕಂಡಾಗ ಬಾಯಿಗೆ ಬಂದದ್ದು ಒಂದೇ ಮಾತು: ‘ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣಯ್ಯ.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ದಸರಾದಲ್ಲಿ ವಜ್ರಮುಷ್ಟಿ ಕಾಳಗ ನೋಡಿದ್ದೀಯಾ?’ ಎಂದು ಕೇಳಿದ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ಜಟ್ಟಿಗಳ ಕಾಳಗ ಅದು. ತಲೆ ಬೋಳಿಸಿಕೊಂಡು, ಬೆರಳಿಗೆ ವಜ್ರಮುಷ್ಟಿ ತೊಟ್ಟು ಗುದ್ದಾಡುತ್ತಾರೆ. ಒಬ್ಬರ ತಲೆಯಲ್ಲಿ ರಕ್ತ ಕಾಣಿಸಿತೋ, ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ.

‘ನಿಮ್ಮ ತಾತ ಆಡಿದ ಮಾತಿಗೆ ರಕ್ತ ಬಂತು. ಅದಕ್ಕೇ ಎದ್ದು ಬಂದೆ. ಅಲ್ಲೇ ಇದ್ದಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ’ ಎಂದ.

ಮಗಳು ಕಾಫಿ ತಂದಳು. ಲೋಟ ಕೆಳಗಿಡುವಷ್ಟರಲ್ಲಿ ಅವನೇ ಶುರುಮಾಡಿದ: ‘ಏನೇ ಹೇಳು, ಗ್ಲೌಸು ಬಿಚ್ಚಿ ಅಂದದ್ದು ಅಲಿಯೇ.’

ನಾನು ಬಿಡುತ್ತೇನೆಯೇ? ಸಂಜೆಯ ಕೊನೆಯ ಬಸ್ಸಿಗೆ ಮೊಮ್ಮಗನೇ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.