ಎಸೆಯುವ ಕೈ, ನೋಡುವ ಕಣ್ಣು

ಫುಟ್‌ಬಾಲ್ ಎಂದೊಡನೆ ನಮ್ಮ ವಾಚಕರು ಕಾಲಿನಿಂದ ಒದೆಯುವ ದುಂಡು ಚೆಂಡನ್ನೇ ನೆನೆಯುವರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆ ಹೆಸರಿನಿಂದ ನಡೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ಎರಡು ತುದಿಗಳಲ್ಲಿಯೂ ಮೊನಚಾಗಿರುವುದು. ಅದನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಓಡುವರು, ಎಸೆಯುವರು. ಹನ್ನೊಂದು ಮಂದಿಯ ಪಕ್ಷದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೇ ಆಟವನ್ನು ನಡೆಸತಕ್ಕವನು. ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡುಗಳೊಳಗೆ, ತನ್ನನ್ನು ಕೆಡಹಲು ನುಗ್ಗಿ ಬರುವವರ ಎದುರಿನಲ್ಲಿ ನಿಂತು, ಓಡುತ್ತಿರುವ ಜೊತೆಗಾರರಲ್ಲಿ ಯಾರಿಗೆ ಎಸೆಯಬೇಕೆಂಬುದನ್ನು ಅವನು ನಿಶ್ಚಯಿಸಬೇಕು.

ಇಂತಹ ಸ್ಥಾನಕ್ಕೆ ಹಂಬಲಿಸುವ ಹುಡುಗನಿಗೆ ಕಲಿಸುವುದು ಹೇಗೆ? ಸೋಮಾರಿಯನ್ನು ಎಬ್ಬಿಸುವುದಕ್ಕಿಂತ ಶ್ರದ್ಧಾವಂತನನ್ನು ತಿದ್ದುವುದೇ ಕಷ್ಟವೆಂದು ನಮಗೆ ತೋರುತ್ತದೆ. ಸೋಮಾರಿಯ ತಪ್ಪು ಬೇರೂರುವುದಿಲ್ಲ. ಶ್ರದ್ಧಾವಂತನಾದರೋ ದಿನಕ್ಕೆ ನೂರು ಸಲ ಎಸೆಯುವನು; ಎಸೆತದಲ್ಲಿ ದೋಷವಿದ್ದರೆ ಆ ದೋಷವನ್ನೇ ನೂರು ಸಲ ಅಭ್ಯಾಸ ಮಾಡಿದಂತಾಗುವುದು. ಬೆಳೆಯುವ ತೋಳಿಗೆ ನೋವು ತಗುಲುವ ಭಯ ಬೇರೆ. ‘ಇಂದಿಗೆ ಸಾಕು’ ಎನ್ನಬಲ್ಲ ಹಿರಿಯರು ಹತ್ತಿರದಲ್ಲಿರಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಮೆಟಿಯೊದಲ್ಲಿ 1977ರಲ್ಲಿ ಹುಟ್ಟಿದ ಟಾಮ್ ಬ್ರೇಡಿಗೆ ಅಂತಹವರೊಬ್ಬರು ದೊರೆತರು. ಹುಡುಗನಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಪ್ರೌಢಶಾಲೆಯ ಮೊದಲ ವರ್ಷ, ಒಂದು ಪಂದ್ಯವನ್ನೂ ಗೆಲ್ಲದ ತಂಡದಲ್ಲಿ ಸಹ ಅವನು ಬದಲಿ ಆಟಗಾರನಾಗಿಯೇ ಉಳಿದನು. ಓಟ ಮಂದ. ತಂದೆತಾಯಿಗಳು ಅವನನ್ನು ಟಾಮ್ ಮಾರ್ಟಿನೆಜ್ ಎಂಬವರ ಬಳಿಗೆ ಕಳುಹಿಸಿದರು. ಇವರು ಊರಿನ ಕಾಲೇಜಿನಲ್ಲಿ ಫುಟ್‌ಬಾಲನ್ನಷ್ಟೇ ಅಲ್ಲದೆ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಆಟಗಳನ್ನೂ ಕಲಿಸುತ್ತಿದ್ದವರು.

ಎಸೆತ ಕೆಟ್ಟಾಗ ನೋಡುವವರು ಕೈಯನ್ನು ದೂರುವರು. ಬಲ್ಲವರ ಕಣ್ಣು ಮೊದಲು ಪಾದಗಳ ಮೇಲೆ ಬೀಳುವುದು. ಮುಂದಿನ ಕಾಲನ್ನು ಅತಿಯಾಗಿ ಚಾಚಿದರೆ ಚೆಂಡು ಜೊತೆಗಾರನ ತಲೆಯ ಮೇಲೆ ಹಾರಿಹೋಗುವುದು. ಮುಂಭುಜವು ಬೇಗನೆ ತೆರೆದುಕೊಂಡರೆ ಪಕ್ಕಕ್ಕೆ ಸರಿಯುವುದು. ಮೊಣಕೈ ಕುಸಿದರೆ ವೇಗ ಕುಂದುವುದು. ಬಲವು ನೆಲದಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಬೇಕು; ಕೈ ಅದನ್ನು ಕೊನೆಯಲ್ಲಿ ಚೆಂಡಿಗೆ ಒಪ್ಪಿಸುವುದಷ್ಟೆ. ಇವೆಲ್ಲ ಹೇಳಲು ಸುಲಭ. ಆದರೆ ಎಸೆಯುವವನಿಗೆ ತನ್ನ ದೋಷ ತನಗೆ ಕಾಣದು.

2000ನೆಯ ವರ್ಷದಲ್ಲಿ ವೃತ್ತಿನಿರತ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಬ್ರೇಡಿಯ ಸರದಿ ಬಂದುದು 199ನೆಯದಾಗಿ. ಎರಡೇ ವರ್ಷಗಳಲ್ಲಿ ಆತನ ತಂಡವು ಸೂಪರ್ ಬೌಲನ್ನು ಗೆದ್ದಿತು. ಅನಂತರವೂ ಎಸೆತ ಹದತಪ್ಪಿದಂತೆ ತೋರಿದಾಗಲೆಲ್ಲ ಆತನು ಸ್ಯಾನ್ ಮೆಟಿಯೊದ ಗುರುವಿನ ಎದುರಿಗೆ ಹೋಗಿ ನಿಲ್ಲುತ್ತಿದ್ದನು. ಕೀರ್ತಿ ಬಂದ ಮೇಲೆ ಪುನಃ ಸರಳೆವರಸೆಗೆ ಕುಳಿತುಕೊಳ್ಳುವ ವಿದ್ವಾಂಸರು ಎಷ್ಟು ಮಂದಿ? ಮಾರ್ಟಿನೆಜ್ ಹೇಳಿದ ಮಾತುಗಳನ್ನು ಚೀಟಿಯಲ್ಲಿ ಬರೆದು ಹಣದ ಚೀಲದಲ್ಲಿಟ್ಟುಕೊಂಡಿದ್ದನಂತೆ.

ಮಾರ್ಟಿನೆಜ್ ಅವರಿಗೆ ಸಿಹಿಮೂತ್ರ ರೋಗವಿದ್ದಿತು. ಕಡೆಗೆ ಮೂತ್ರಪಿಂಡಗಳೂ ಕೆಟ್ಟವು. ಗುರುವಿಗೆ ಮೂತ್ರಪಿಂಡವನ್ನು ದಾನಮಾಡುವವರು ಬೇಕೆಂದು ಬ್ರೇಡಿ ಬಹಿರಂಗವಾಗಿ ಬೇಡಿಕೊಂಡನು. ದಾನ ಕೈಗೂಡಲಿಲ್ಲ. 2012ರ ಫೆಬ್ರವರಿ 21ರಂದು, ತಮ್ಮ 66ನೆಯ ಹುಟ್ಟುಹಬ್ಬದ ದಿನವೇ, ಮಾರ್ಟಿನೆಜ್ ತೀರಿಕೊಂಡರು.

ಶಿಷ್ಯನು ಆಮೇಲೆ ಇನ್ನೂ ಹನ್ನೊಂದು ಋತುಗಳು ಆಡಿದನು. ಆತನು ಗೆದ್ದ ಏಳು ಸೂಪರ್ ಬೌಲ್‌ಗಳಲ್ಲಿ ನಾಲ್ಕನ್ನು ಆ ಗುರುಗಳು ನೋಡಲಿಲ್ಲ.