ಗುಜರಿಗೆ ಹಾಕುವ ಮುನ್ನ ಬಾನೆಟ್ ಎತ್ತಿ ನೋಡಿ!



ನಿಮ್ಮ ಮನೆ ಮುಂದೆ ನಿಂತಿರುವ ಆ ಹಳೆ ಮಾರುತಿ 800 ಮೇಲೆ ಎಷ್ಟು ಜನರ ಕಣ್ಣು ಬಿದ್ದಿದೆ ಗೊತ್ತೇ? ಗುಜರಿಯವನ ಕಣ್ಣು. ಹೊಸ ಕಾರು ಮಾರುವವನ ಕಣ್ಣು. ಸಾಲ ಕೊಡಲು ತುದಿಗಾಲಲ್ಲಿ ನಿಂತಿರುವ ಬ್ಯಾಂಕಿನವನ ಕಣ್ಣು. "ಇನ್ನೂ ಇದನ್ನೇ ಓಡಿಸ್ತಿದ್ದೀರಾ ಸಾರ್?" ಎಂದು ಮೂಗು ಮುರಿಯುವ ಪಕ್ಕದ ಮನೆಯವನ ಕಣ್ಣು. ಇವರೆಲ್ಲ ಸೇರಿ ಹೇಳುವುದು ಒಂದೇ ಮಾತು: ಹಳೆಯದಾಯಿತು, ಬಿಸಾಕಿ!

ಯಾಕೆ ಬಿಸಾಕಬೇಕು ಸ್ವಾಮಿ? ಓಡುವ ಗಾಡಿಯನ್ನು ತೂಕಕ್ಕೆ ಹಾಕಿ, ಏಳು ವರ್ಷದ ಕಂತು ಕಟ್ಟಿಕೊಂಡು ಏದುಸಿರು ಬಿಡಬೇಕೇ? ನಮ್ಮ ಕಾರಿನ ಬಗ್ಗೆ ನಮಗೇ ಏನೂ ಗೊತ್ತಿಲ್ಲದಿರುವುದೇ ಇವರೆಲ್ಲರ ಬಂಡವಾಳ. ಆ ಬಂಡವಾಳ ಕಿತ್ತುಕೊಳ್ಳಿ ಎಂದು ಹೇಳುವುದಕ್ಕೇ ಈ ಬರಹ.

ಬಡವರ ಬಂಧು ಈ ಕಾರು

1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿಯಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ನಡುವಿನ ಮೂವತ್ತು ವರ್ಷದಲ್ಲಿ ಈ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಮೇಷ್ಟ್ರು, ಗುಮಾಸ್ತರು, ಕಿರಾಣಿ ಅಂಗಡಿಯವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸ್ವಂತ ಕಾರಿನಲ್ಲಿ ಮೊದಲ ಸಲ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೋದದ್ದು ಇದರಲ್ಲೇ.

796 ಸಿಸಿಯ ಎಂಜಿನ್. ಮೂರು ಸಿಲಿಂಡರು, ಮೂರೇ ಪ್ಲಗ್ಗು. ಬಾನೆಟ್ ಎತ್ತಿದರೆ ಕೈಯಾಡಿಸಲು ಜಾಗವಿದೆ. ಓಮ್ನಿ ವ್ಯಾನಿಗೂ 796 ಸಿಸಿ ಎಂಜಿನ್ನೇ ಇದ್ದದ್ದರಿಂದ ಅದನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ಕು ತಾಲ್ಲೂಕಿಗೆ ಹತ್ತು ಜನ ಸಿಗುತ್ತಾರೆ. ಸಾಮಾನ್ಯ ಮನುಷ್ಯನಿಗೆ ಅರ್ಥವಾಗುವಂತೆ ಕಟ್ಟಿದ ಗಾಡಿ ಇದು. ಇದನ್ನೂ ಅರ್ಥ ಮಾಡಿಕೊಳ್ಳದೆ ಬಿಟ್ಟರೆ ಇನ್ನಾವುದನ್ನು ಮಾಡಿಕೊಳ್ಳುತ್ತೀರಿ?

ಬಿಲ್ಲು ಓದಿ ಸ್ವಾಮಿ!

ನಾನು ಪ್ರೆಸ್ ನಡೆಸುವವನು. ಗ್ಯಾರೇಜಿನ ಬಿಲ್ ಪುಸ್ತಕ, ಜಾಬ್ ಕಾರ್ಡು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಬಿಲ್ಲಿನ ಯಾವ ಕಾಲಮ್ಮಿನಲ್ಲಿ ಏನು ಅಡಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. "ಕನ್‌ಸ್ಯೂಮಬಲ್ಸ್" ಅಂತ ಒಂದು ಕಾಲಮ್ಮು ಇರುತ್ತದೆ ನೋಡಿ, ಒರೆಸುವ ಬಟ್ಟೆಯಿಂದ ಹಿಡಿದು ಗ್ರೀಸಿನವರೆಗೆ ಎಲ್ಲ ಅದರೊಳಗೆ. ಎಷ್ಟು ಬಟ್ಟೆ, ಎಷ್ಟು ಗ್ರೀಸು? ಕೇಳಿದವರುಂಟೇ?

ನನ್ನ 800 ಊರೊಳಗಿನ ಟ್ರಾಫಿಕ್ಕಿನಲ್ಲಿ ಬಿಸಿಯಾಗತೊಡಗಿತು. ಗಾಜಿನ ಬಾಗಿಲು, ಏಸಿ ರೂಮು ಇದ್ದ ಒಂದು ಸರ್ವೀಸ್ ಸೆಂಟರಿಗೆ ಒಯ್ದೆ. ಟೈ ಕಟ್ಟಿದ ಹುಡುಗ ಬಾನೆಟ್ಟನ್ನೂ ಪೂರ್ತಿ ಎತ್ತಲಿಲ್ಲ. "ರೇಡಿಯೇಟರ್ ಹೋಗಿದೆ, ವಾಟರ್ ಪಂಪ್ ಹೋಗಿದೆ, ಹೆಡ್ ಇಳಿಸಬೇಕು, ಹದಿನೆಂಟು ಸಾವಿರ" ಅಂದ. ಕೊನೆಗೆ ಮರುಕಪಟ್ಟು, "ಇದಕ್ಕೆ ಖರ್ಚು ಮಾಡೋದು ವೇಸ್ಟ್ ಸಾರ್, ಎಕ್ಸ್‌ಚೇಂಜಿಗೆ ಹಾಕಿ" ಅಂದ. ರೋಗ ನೋಡದೆಯೇ ತಿಥಿಗೆ ದಿನ ಗೊತ್ತು ಮಾಡುವವನು!

ಹೈವೇಯಲ್ಲಿ ಬಿಸಿಯಾಗದ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾದರೆ ಏನರ್ಥ? ಓಡುವಾಗ ಗಾಳಿ ತಾನಾಗಿ ರೇಡಿಯೇಟರಿಗೆ ಬಡಿಯುತ್ತದೆ. ನಿಂತಾಗ ಗಾಳಿ ಕೊಡಬೇಕಾದದ್ದು ಫ್ಯಾನು. ಕಾರನ್ನು ಮನೆಗೆ ತಂದು ಫ್ಯೂಸ್ ನೋಡಿದೆ, ಸರಿಯಿತ್ತು. ಬ್ಯಾಟರಿಯಿಂದ ನೇರ ವೈರು ಕೊಟ್ಟೆ, ಫ್ಯಾನು ಗಿರ್ರನೆ ತಿರುಗಿತು. ಸತ್ತಿದ್ದದ್ದು ಬಿಸಿ ಏರಿದಾಗ ಫ್ಯಾನು ಹಚ್ಚುವ ಥರ್ಮೋ ಸ್ವಿಚ್ಚು! ಹೊಸದು ಹಾಕಲು ಒಂದು ಸಾವಿರವೂ ಆಗಲಿಲ್ಲ. ಹೀಗೆ ಹದಿನೆಂಟು ಸಾವಿರ ತೆತ್ತು, ಕೈಮುಗಿದು ಬರುವ ಅಮಾಯಕರು ದಿನಕ್ಕೆಷ್ಟು ಮಂದಿಯೋ!

ಕೈ ಕಪ್ಪಾದರೆ ಮಾನ ಹೋಗದು

ಭಾನುವಾರ ಒಂದು ಗಂಟೆ ಟೀವಿ ಆರಿಸಿ. ಇಷ್ಟು ಮಾಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತಿನ ನಡುವೆ ಆಯಿಲ್ ಇರಬೇಕು. ಕಡಿಮೆಯಾಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಅಥವಾ ಉರಿಯುತ್ತಿದೆ.

ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡಿ. ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ, ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆ ಜಿಡ್ಡಿದ್ದರೆ ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ವಿಪರೀತ ಬಿಸಿಯಾಗುತ್ತಿದೆ. ಡಾಕ್ಟರು ನಾಲಿಗೆ ಚಾಚಿ ಅನ್ನುವುದಿಲ್ಲವೇ, ಹಾಗೇ ಇದು.

ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಬೇಡಿ. ಬಿಂದಿಗೆಯಲ್ಲಿ ಕಟ್ಟುವ ಆ ಬಿಳಿ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಯಲ್ಲೂ ಕಟ್ಟುತ್ತದೆ. ಕೂಲೆಂಟ್ ಹಾಕಿ. ಬಿಸಿಯಿರುವಾಗ ಮುಚ್ಚಳ ಮುಟ್ಟಿದಿರೋ, ಮುಖ ಬೆಂದು ಹೋದೀತು!

ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಗೆ ಬಿಸಿನೀರು, ಮೇಲೆ ತೆಳ್ಳಗೆ ವ್ಯಾಸಲೀನ್. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಮಂಗಳೂರು, ಉಡುಪಿ, ಕಾರವಾರದವರಿಗೆ ವಿಶೇಷ ಮಾತು. ನಿಮ್ಮ ಕಾರಿನ ಶತ್ರು ತುಕ್ಕು. ಬಾಗಿಲಿನ ಅಡಿಯಲ್ಲಿ ನೀರಿಳಿಯುವ ಸಣ್ಣ ತೂತುಗಳಿವೆ, ಮಣ್ಣು ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ಮಳೆಗಾಲದಲ್ಲಿ ಮ್ಯಾಟ್ ಎತ್ತಿ ನೆಲ ಒಣಗಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಿರಲಿ, ರಬ್ಬರು ಬಿರುಕು ಬಿಟ್ಟಿದ್ದರೆ ಬದಲಿಸಿ.

ಹಾಗಂತ ಎಲ್ಲದಕ್ಕೂ ಕೈ ಹಾಕಬೇಡಿ. ಬ್ರೇಕು, ಸ್ಟೇರಿಂಗು, ಟೈಮಿಂಗ್ ಬೆಲ್ಟು ನಂಬಿಕಸ್ಥ ಮೆಕ್ಯಾನಿಕ್ಕಿನ ಕೆಲಸ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತೂರಬೇಡಿ. ಉಳಿಸಿದ ದುಡ್ಡು ಉಣ್ಣಲು ನೀವು ಇರಬೇಕಲ್ಲ!

ಆಳುವವರಿಗೊಂದು ಪ್ರಶ್ನೆ

ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000 ಮಾಡಿದರು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಹೊಗೆ ಕಾರುವ ಗಾಡಿಯ ಪರ ನಾನು ವಕಾಲತ್ತು ವಹಿಸುವುದಿಲ್ಲ. ಚಾಸಿ ತುಕ್ಕು ತಿಂದ ಗಾಡಿ ಗುಜರಿಗೇ ಹೋಗಲಿ. ಆದರೆ ಪರೀಕ್ಷೆಯಲ್ಲಿ ಪಾಸಾದ ಗಾಡಿಗೂ ವಯಸ್ಸಿನ ದಂಡವೇ? ಚೊಕ್ಕವಾಗಿ ಇಟ್ಟುಕೊಂಡವನಿಗೂ ಕೆಡಿಸಿಕೊಂಡವನಿಗೂ ಒಂದೇ ಬರೆಯೇ?

ದೆಹಲಿ ಸುತ್ತಮುತ್ತ ಹಳೆ ಗಾಡಿಗಳ ಮೇಲಿರುವ ನಿರ್ಬಂಧ ತೋರಿಸಿ ಇಲ್ಲಿ ಹೆದರಿಸುವ ದಲ್ಲಾಳಿಗಳಿದ್ದಾರೆ. ಅದು ಆ ಪ್ರದೇಶದ ಕಟ್ಟಳೆ. ಅದಕ್ಕೆ ಹೆದರಿ ನಿಮ್ಮ ಕಾರು ಮಾರಬೇಡಿ.

ಇನ್ನು ಪೆಟ್ರೋಲು. ಬಂಕಿನಲ್ಲಿ ಈಗ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಕೆಲವು ಹಳೆ ಗಾಡಿಗಳ ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನು ಬೇಗ ಬದಲಿಸಬೇಕಾಗಬಹುದು ಎಂದು 2025ರಲ್ಲಿ ಕೇಂದ್ರ ಸರಕಾರವೇ ಒಪ್ಪಿಕೊಂಡಿದೆ. ಬಾನೆಟ್ ಎತ್ತಿ ಪೆಟ್ರೋಲ್ ಪೈಪು ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ, ವಾಸನೆ ಬರುತ್ತಿದ್ದರೆ ಅಂದೇ ಬದಲಿಸಿ. ಬೆಂಕಿಗೆ ನಾಳೆ ಎಂಬುದಿಲ್ಲ.

ನಮ್ಮ ನುಡಿಯಲ್ಲಿ ಕೊಡಿ

ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನೊಳಗೆ ಇಂಗ್ಲಿಷಿನಲ್ಲಿ ಮಲಗಿದೆ. ಗ್ಯಾರೇಜಿನಲ್ಲಿ ಕನ್ನಡದಲ್ಲೇ ಮಾತಾಡಿ, ದುಡ್ಡು ಕೇಳುವ ಬಿಲ್ಲು ಮಾತ್ರ ಇಂಗ್ಲಿಷಿನಲ್ಲಿ! ಅರ್ಥವಾಗದಿದ್ದರೆ ಅನುಕೂಲ ಯಾರಿಗೆ, ನೀವೇ ಹೇಳಿ. ಕೇಂದ್ರದ ಗ್ರಾಹಕ ಇಲಾಖೆ 2022ರಲ್ಲಿ "ರೈಟ್ ಟು ರಿಪೇರ್" ಎಂಬ ಹೆಸರಿನಲ್ಲಿ, ಗ್ರಾಹಕನಿಗೆ ರಿಪೇರಿಯ ಹಕ್ಕಿದೆ ಎಂದು ಸಾರಿತು. ವಾಹನಗಳೂ ಅದರಲ್ಲಿ ಸೇರಿವೆ. ಓದಲಾರದ ಭಾಷೆಯಲ್ಲಿ ಕೊಟ್ಟ ಹಕ್ಕು, ಬೀಗದ ಕೈ ಇಲ್ಲದೆ ಕೊಟ್ಟ ಮನೆಯಂತೆ. ರಿಪೇರಿಯ ಪುಸ್ತಕ ಕನ್ನಡದಲ್ಲಿ ಬರಲಿ, ಬಿಲ್ಲು ಕನ್ನಡದಲ್ಲಿ ಬರಲಿ. ಅಚ್ಚು ಹಾಕಲು ಈ ನಾಡಿನಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ!

ಬಂಧುಗಳೇ, ಇನ್ನು ಮುಂದೆ ಗ್ಯಾರೇಜಿಗೆ ಹೋದರೆ ಮೂರು ಮಾತು ಕೇಳಿ. ಏನು ಕೆಟ್ಟಿದೆ, ತೋರಿಸಿ. ಬಿಚ್ಚಿದ ಹಳೆ ಪಾರ್ಟು ನನ್ನ ಕೈಗೆ ಕೊಡಿ. ಬಿಲ್ಲನ್ನು ಕನ್ನಡದಲ್ಲಿ ಬರೆಯಿರಿ. ಪ್ರಾಮಾಣಿಕ ಮೆಕ್ಯಾನಿಕ್ಕು ನಗುತ್ತಾ ಕೊಡುತ್ತಾನೆ. ಸಿಡಿಮಿಡಿಗೊಳ್ಳುವವನ ಬಾಗಿಲಿಗೆ ಮತ್ತೆ ಹೋಗಬೇಡಿ.

ಕಾರು ನಿಮ್ಮದು. ದುಡ್ಡು ನಿಮ್ಮದು. ಬಾನೆಟ್ ಎತ್ತಲು ಯಾರ ಅಪ್ಪಣೆ ಬೇಕು?