52 ಎಲೆ, ಒಂದು ಹಳೇ ಪೇಪರ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ಸುದ್ದಿ ಓದೋ ಚಾಳಿ ಇರೋರಿಗೆ ಒಂದು ಸುದ್ದಿ ಬಾಯಿಪಾಠ ಆಗಿರುತ್ತೆ. ಖಚಿತ ಮಾಹಿತಿ ಮೇರೆಗೆ ಪೊಲೀಸರು ದಾಳಿ ಮಾಡ್ತಾರೆ. ಇಂತಿಷ್ಟು ಜನ ಸಿಕ್ಕಿಬೀಳ್ತಾರೆ, ಕತ್ತಲಲ್ಲಿ ಇಬ್ಬರು ಓಡಿಹೋಗ್ತಾರೆ. ಕೊನೆಗೆ ವಶಪಡಿಸಿಕೊಂಡ ವಸ್ತುಗಳ ಪಟ್ಟಿ: ಪಣಕ್ಕೆ ಕಟ್ಟಿದ್ದ ಹಣ, 52 ಇಸ್ಪೀಟು ಎಲೆ, ಮತ್ತೆ ಒಂದು ಹಳೇ ನ್ಯೂಸ್ ಪೇಪರ್. ಊರಿನ ಹೆಸರು ಬದಲಾಗುತ್ತೆ, ಹುಣಸೇತೋಪು ಹೋಗಿ ಕೆರೆಕೋಡಿ ಬರುತ್ತೆ, ಆ ಹಳೇ ಪೇಪರ್ ಮಾತ್ರ ತಪ್ಪಲ್ಲ. ನೆಲದ ಮೇಲೆ ಹಾಸಿಕೊಂಡಿದ್ದು ಪಾಪ, ಅದೂ ಆರೋಪಿಗಳ ಜೊತೆ ಜೀಪು ಹತ್ತುತ್ತೆ.

2018ರ ಸೆಪ್ಟೆಂಬರ್ 1ಕ್ಕೆ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪಶ್ಚಿಮ ಬಂಗಾಳದ ಇಬ್ಬರು ನಮ್ಮ ದೇಶಕ್ಕೆ ಚಿನ್ನ ತಂದ್ರು. 60 ವರ್ಷದ ಪ್ರಣವ್ ಬರ್ಧನ್, 56 ವರ್ಷದ ಶಿವನಾಥ್ ಸರ್ಕಾರ್. ಆಟ ಬ್ರಿಡ್ಜ್. ಏಷ್ಯನ್ ಗೇಮ್ಸ್‌ಗೆ ಅದು ಸೇರಿದ್ದೇ ಆ ಸಲ, ಸೇರಿದ ಸಲವೇ ಒಂದು ಚಿನ್ನ, ಎರಡು ಕಂಚು. ನಮ್ಮ ಆಫೀಸಿನ ವಾಟ್ಸಾಪ್ ಗುಂಪಲ್ಲಿ ತ್ರಿವರ್ಣ ಧ್ವಜಗಳ ಸುರಿಮಳೆ. "ಮೈಂಡ್ ಸ್ಪೋರ್ಟ್ ಬ್ರೋ" ಅಂತ ಒಬ್ಬ. "ಬಿಲ್ ಗೇಟ್ಸ್ ಕೂಡ ಆಡ್ತಾರೆ, ವಾರನ್ ಬಫೆಟ್ ಕೂಡ ಆಡ್ತಾರೆ" ಅಂತ ಇನ್ನೊಬ್ಬ. ಎಲ್ಲಾ ನಿಜ. ಆದ್ರೆ ಜಕಾರ್ತಾದ ಮೇಜಿನ ಮೇಲೆ ಇದ್ದದ್ದೂ ಅದೇ 52 ಎಲೆ ಸ್ವಾಮಿ. ಹಳೇ ಪೇಪರ್ ಒಂದು ಇರಲಿಲ್ಲ ಅಷ್ಟೇ.

ತಪ್ಪು ತಿಳ್ಕೋಬೇಡಿ, ನಾನು ಜೂಜಿನ ವಕಾಲತ್ತು ವಹಿಸ್ತಾ ಇಲ್ಲ. ಅಂದರ್ ಬಾಹರ್ ಅನ್ನೋದು ಆಟವೇ ಅಲ್ಲ. ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅನ್ನೋದಕ್ಕೆ ತಲೆ ಯಾಕೆ ಬೇಕು, ಜೇಬಿದ್ರೆ ಸಾಕು. ನಮ್ಮ ಪಕ್ಕದ ಮನೆಯವರು ಬೋರ್‌ವೆಲ್ ಕೊರೆಸೋಕೆ ತಂದಿದ್ದ ಸಾಲದ ದುಡ್ಡನ್ನ ಒಂದು ಯುಗಾದಿಯ ರಾತ್ರೀಲಿ ಕಳೆದು ಬಂದಿದ್ದನ್ನ ಕಣ್ಣಾರೆ ಕಂಡಿದೀನಿ. ಆ ಹೆಂಗಸು ವರ್ಷಗಟ್ಟಲೆ ಯುಗಾದಿ ಹಬ್ಬ ಮಾಡಲಿಲ್ಲ. ಅಂಥಾ ಅಡ್ಡೆ ಮೇಲೆ ಪೊಲೀಸರು ಬಿದ್ರೆ ನಾನೇ ಚಪ್ಪಾಳೆ ಹೊಡೀತೀನಿ.

ನನ್ನ ತಕರಾರು ಬೇರೆ. ನಾವು ಆಟ ನೋಡಿ ತೀರ್ಪು ಕೊಡ್ತಾ ಇಲ್ಲ, ಆಡೋರು ಎಲ್ಲಿ ಕೂತಿದ್ದಾರೆ ಅಂತ ನೋಡಿ ಕೊಡ್ತಾ ಇದೀವಿ. ಕುರ್ಚಿ ಮೇಲೆ ಕೂತ್ರೆ ಕ್ರೀಡೆ, ಅರಳೀಕಟ್ಟೆ ಮೇಲೆ ಕೂತ್ರೆ ಕೇಸು.

ಕಾನೂನಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ, ಚೆನ್ನಾಗೇ ಗೊತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜು ಅಡ್ಡೆಗೆ 79, 80ನೇ ಕಲಂ ಇಟ್ಟಿದೆ, ಬೀದಿ ಜೂಜಿಗೆ 87 ಇಟ್ಟಿದೆ. ಅಡ್ಡೆಯ ಆ ಕಲಮುಗಳು ಶುದ್ಧ ಕೌಶಲದ ಆಟಕ್ಕೆ ಅನ್ವಯ ಆಗಲ್ಲ ಅಂತ 176ರಲ್ಲಿ ಬರೆದೂ ಇಟ್ಟಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಲ್ಲಿ ರಮ್ಮಿ ಆಡಿದವರ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1967ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಅಂತ ಲೆಕ್ಕ ಹಾಕಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ. ಅದರಲ್ಲಿರೋ ಅದೃಷ್ಟ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರೋವಷ್ಟೇ. ಮೂರೆಲೆ ಆಟ ಮಾತ್ರ ಬರೀ ಅದೃಷ್ಟ. ಕ್ಲಬ್ಬಿನವರು ಪಣದಿಂದ ಲಾಭ ಹೊಡೆದ್ರೆ ಅದು ಬೇರೆ ಮಾತು ಅಂತಲೂ ಸೇರಿಸಿತು. ನೋಡಿ, 50 ವರ್ಷಕ್ಕೂ ಹಿಂದೆಯೇ ಕೌಶಲದ ಅಳತೆಗೋಲು ಅಂತ ನ್ಯಾಯಮೂರ್ತಿಗಳ ಕೈಗೆ ಸಿಕ್ಕಿದ್ದು ಬ್ರಿಡ್ಜು. ಆ ಅಳತೆಗೋಲು ನಮ್ಮ ಕಟ್ಟೆಯವರೆಗೆ ಬರಲೇ ಇಲ್ಲ.

ಬಂದಿದ್ರೆ ಅಲ್ಲಿ ಏನು ಸಿಗ್ತಿತ್ತು ಗೊತ್ತಾ? ಇಪ್ಪತ್ತೆಂಟು ಸಿಗ್ತಿತ್ತು.

ನಗರದಲ್ಲೇ ಹುಟ್ಟಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಪ್ಪತ್ತೆಂಟಕ್ಕೆ 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1. ನಾಲ್ಕು ಬಣ್ಣ ಸೇರಿದ್ರೆ ಒಟ್ಟು 28. ರಾಜನಿಗೆ ಸೊನ್ನೆ, ರಾಣಿಗೂ ಸೊನ್ನೆ, ಗುಲಾಮನೇ ದೊಡ್ಡವನು. ಇಂಥಾ ಆಟ ನಮ್ಮ ಕಟ್ಟೆಗೆ ಒಗ್ಗಿದ್ದರಲ್ಲಿ ಏನಾಶ್ಚರ್ಯ? ಮೊದಲ ನಾಲ್ಕು ಎಲೆ ನೋಡಿಯೇ ಹರಾಜು ಕೂಗಬೇಕು. ಗೆದ್ದವನು ತುರುಫು ಎಲೆಯನ್ನ ಮುಚ್ಚಿಡ್ತಾನೆ. ಆಮೇಲೆ ಯಾರ ಕೈಲಿ ಏನಿದೆ ಅಂತ ಬಿದ್ದ ಎಲೆಗಳಿಂದಲೇ ಲೆಕ್ಕ ಹಾಕ್ತಾ ಹೋಗಬೇಕು.

ಜೋಡಿ, ಹರಾಜು, ತುರುಫು, ಪಟ್ಟು, ಬಿದ್ದ ಎಲೆಯ ನೆನಪು. ಬ್ರಿಡ್ಜ್ ಅಂದ್ರೂ ಇದೇ ಕಣ್ರೀ. ಅಲ್ಲಿ ಎಲೆ 52, ತಲೆಗೆ 13, ತುರುಫು ಯಾವುದು ಅಂತ ಎಲ್ಲರಿಗೂ ಗೊತ್ತಿರುತ್ತೆ, ಹರಾಜಿನ ಭಾಷೆ ಇನ್ನೂ ಸೂಕ್ಷ್ಮ. ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಇದ್ದಂಗೆ. ಡಚ್ಚರ ಮಾತಲ್ಲೂ ತುರುಫಿಗೆ 'ಟ್ರೂಫ್' ಅಂತಲೇ ಅಂತಾರೆ, ನಮ್ಮ ಕಳಾವರ್ ಅವರಿಗೆ 'ಕ್ಲಾವರ್'. ಹಡಗಲ್ಲಿ ಬಂದ ಮಾತನ್ನ ನಮ್ಮ ಕಟ್ಟೆ ಇವತ್ತಿಗೂ ಜೋಪಾನ ಮಾಡಿಕೊಂಡಿದೆ. ಆ ಕಟ್ಟೆಯವರಿಗೆ ಬ್ರಿಡ್ಜ್ ಅರ್ಥ ಆಗಲ್ಲ ಅನ್ನೋರು ಮೊದಲು ಒಂದು ಇಪ್ಪತ್ತೆಂಟು ಆಡಿ ಗೆದ್ದು ಬರಲಿ.

ನಮ್ಮ ಚಿಕ್ಕಪ್ಪ ಏಳನೇ ಕ್ಲಾಸು. ನಾಲ್ಕು ಪಟ್ಟು ಮುಗಿಯೋದರೊಳಗೆ ಎದುರಾಳಿ ಕೈಯಲ್ಲಿ ಏನುಳಿದಿದೆ ಅಂತ ಎಲೆ ಎಣಿಸಿ ಹೇಳೋರು. ನಾನು ಬಿಇಯಲ್ಲಿ ಪ್ರಾಬಬಿಲಿಟಿ ಅಂತ ಓದಿದ್ದನ್ನ ಅವರು ಬೀಡಿ ಸೇದ್ತಾ ಮಾಡ್ತಿದ್ರು. ಒಂದು ಸಂಜೆ ಅವರನ್ನೂ ಎತ್ತಾಕಿಕೊಂಡು ಹೋದ್ರು. ಯಾವ ಸ್ಟೇಷನ್ ಅನ್ನೋದು ಇಲ್ಲಿ ಬೇಡ. ಆಡ್ತಿದ್ದದ್ದು ಇಪ್ಪತ್ತೆಂಟು, ಸೋತ ಜೋಡಿ ನಾಲ್ವರಿಗೂ ಟೀ, ಬೋಂಡ ಕೊಡಿಸಬೇಕು ಅನ್ನೋದೇ ಪಣ. ನಾಲ್ಕು ಜನರ ಜೇಬಲ್ಲಿ ಸಿಕ್ಕಿದ ದುಡ್ಡೆಲ್ಲಾ ಸೇರಿ ಪಣದ ಹಣ ಆಯ್ತು. ಅದರಲ್ಲಿ ಕಡಲೇಕಾಯಿ ಮಾರಿದ ದುಡ್ಡೂ ಇತ್ತು. ಮಗಳಿಗೆ ಗಂಡು ನೋಡ್ತಿದ್ದ ಕಾಲ, ಪೇಪರಲ್ಲಿ ಹೆಸರು. ಅವತ್ತಿಂದ ಚಿಕ್ಕಪ್ಪ ಕಟ್ಟೆ ಹತ್ತಲಿಲ್ಲ. ಆಮೇಲೆ ಹಿತ್ತಲ ಕಡೆ ಒಬ್ಬರೇ ಕೂತು ಫೋನಲ್ಲಿ ರಮ್ಮಿ ಆಡ್ತಿದ್ರು. ಎದುರಿಗೆ ಆಡ್ತಿದ್ದೋರು ಮನುಷ್ಯರೋ ಮಿಷಿನ್ನೋ ಗೊತ್ತಿರಲಿಲ್ಲ. ದುಡ್ಡು ಹೋಗ್ತಾ ಇದ್ದದ್ದು ಮಾತ್ರ ಗೊತ್ತಿತ್ತು. 2018ರಲ್ಲಿ ಅದಕ್ಕೆ ಯಾವ ಜೀಪೂ ಬರ್ತಿರಲಿಲ್ಲ, ಟಿವೀಲಿ ಜಾಹೀರಾತು ಬರ್ತಿತ್ತು.

ಅತ್ತ ಬೆಂಗಳೂರಿನ ಕಡೆ ಬನ್ನಿ. ಬೆಂಗಳೂರು ಕ್ಲಬ್ಬಿನ ಹಳೇ ಲೆಡ್ಜರಿನಲ್ಲಿ 1899ರ ಒಂದು ನಮೂದಿದೆ. ವಸೂಲಾಗದ ಬಾಕಿ 13 ರೂಪಾಯಿ, ಬಾಕಿದಾರ ಲೆಫ್ಟಿನೆಂಟ್ ಚರ್ಚಿಲ್. ಹೌದು, ಅದೇ ಚರ್ಚಿಲ್. ಸಾಲ ತೀರಿಸದೆ ಹೋದವನ ಹೆಸರು ಅಲ್ಲಿ ನೋಡೋ ವಸ್ತು, ಹೆಮ್ಮೆಯ ಕತೆ. ನಮ್ಮೂರಲ್ಲಿ ಯಾರಾದ್ರೂ ಟೀ ಅಂಗಡಿಗೆ 13 ರೂಪಾಯಿ ಬಾಕಿ ಉಳಿಸಿ ನೋಡಲಿ, ಮೂರು ತಲೆಮಾರು ಅನ್ನಿಸಿಕೊಳ್ತಾನೆ. ಇನ್ನು ಕ್ಲಬ್ಬುಗಳ ಬಾಗಿಲು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ಅದಕ್ಕೇ ಅಂತ ತಮಿಳುನಾಡು ಕಾನೂನು ಮಾಡಬೇಕಾಯ್ತು. ಜಡ್ಜ್ ಸಾಹೇಬರ ಪಂಚೆಗೇ ಹಿಂಗಾದ್ರೆ ಚಿಕ್ಕಪ್ಪನ ಪಂಚೆ ಗತಿ ಏನು?

ಅರಮನೆ ಆಡಿದ್ರೆ ಅದು ಕಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಗಂಜೀಫಾ ಆಟಗಳನ್ನ ರೂಪಿಸಿದ್ರು. ಶ್ರೀತತ್ತ್ವನಿಧಿಯ ಕೌತುಕ ನಿಧಿಯಲ್ಲಿ ಅವುಗಳ ವಿವರ ಇದೆ, ಒಂದಕ್ಕಂತೂ 360 ಎಲೆ. ಅದನ್ನ ಮ್ಯೂಸಿಯಮ್ಮಿನಲ್ಲಿ ಗಾಜಿನೊಳಗೆ ಇಟ್ಟು ಕೈಮುಗೀತೀವಿ. ಮುಗಿಯೋಣ, ಬೇಡ ಅಂದವರಾರು? ಆದ್ರೆ ರಾಜ ಆಡಿದ್ರೆ ಪರಂಪರೆ, ಲೆಫ್ಟಿನೆಂಟ್ ಬಾಕಿ ಉಳಿಸಿದ್ರೆ ಚರಿತ್ರೆ, ನಾವು ಟೆಕ್‌ಪಾರ್ಕಿನವರು ದೀಪಾವಳಿಗೆ ಪೋಕರ್ ಪಾರ್ಟಿ ಮಾಡಿದ್ರೆ ಟೀಮ್ ಬಿಲ್ಡಿಂಗ್, ರೈತ ಆಡಿದ್ರೆ ಮಾತ್ರ ಕಲಂ 87. ಈ ಲೆಕ್ಕ ಯಾವ ಊರಿಂದು?

ಅದಕ್ಕೇ ನನ್ನ ಬೇಡಿಕೆ ಇದು: ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಬ್ರಿಡ್ಜ್ ಕ್ಲಬ್ ಬೇಕು. ಪಣ ಇಲ್ಲದ, ಸದಸ್ಯತ್ವಕ್ಕೆ ಲಕ್ಷಗಟ್ಟಲೆ ಕೇಳದ, ಪಂಚೆಗೆ ಬಾಗಿಲು ಹಾಕದ ಕ್ಲಬ್. ನಗಬೇಡಿ. ಬೇಕಾಗಿರೋದು ಒಂದು ಹಾಲು, ನಾಲ್ಕು ಮೇಜು, ಹದಿನಾರು ಕುರ್ಚಿ, ಎಂಟು ಪ್ಯಾಕು ಎಲೆ.

ಪಣ ಇಲ್ಲದೆ ಯಾರು ಬರ್ತಾರೆ ಅಂತೀರಾ? ಬ್ರಿಡ್ಜಿನ ಚಮತ್ಕಾರ ಇರೋದೇ ಅಲ್ಲಿ. ಸ್ಪರ್ಧೆಯಲ್ಲಿ ಆಡೋದು ಡುಪ್ಲಿಕೇಟ್ ಬ್ರಿಡ್ಜ್. ಆಡಿದ ಎಲೆಗಳನ್ನ ಮತ್ತೆ ಕಲಸಲ್ಲ. ನಾಲ್ಕು ಜನರ ಎಲೆಯನ್ನೂ ಹಾಗೇ ನಾಲ್ಕು ಗೂಡಿನ ಒಂದು ಹಲಗೆಯಲ್ಲಿಟ್ಟು ಮುಂದಿನ ಮೇಜಿಗೆ ಕಳಿಸ್ತಾರೆ. ನೀವು ಆಡಿದ ಅದೇ ಎಲೆಗಳನ್ನ ಇನ್ನೊಂದು ಮೇಜಲ್ಲಿ ಇನ್ನೊಬ್ಬರು ಆಡ್ತಾರೆ. ನಿಮ್ಮ ಅಂಕ ಲೆಕ್ಕ ಆಗೋದು ಅದೇ ಎಲೆ ಹಿಡಿದ ಬೇರೆಯವರ ಜೊತೆ ಹೋಲಿಸಿ. ನಮ್ಮ ಭಾಷೇಲಿ ಹೇಳೋದಾದ್ರೆ, ಒಂದೇ ಟೆಸ್ಟ್ ಕೇಸು, ನಾಲ್ಕು ಜನರ ಕೋಡು. ಎಲೆ ಕೆಟ್ಟದ್ದು ಬಂತು ಅಂತ ಗೊಣಗೋ ಹಾಗಿಲ್ಲ, ಅದೇ ಕೆಟ್ಟ ಎಲೆಯಲ್ಲಿ ಪಕ್ಕದ ಮೇಜಿನವನು ನಿಮಗಿಂತ ಒಂದು ಪಟ್ಟು ಜಾಸ್ತಿ ಹೊಡೆದಿರ್ತಾನೆ. ಅದೃಷ್ಟವನ್ನ ಆಚೆಗಿಟ್ಟು ಆಡೋ ಆಟ ಇದು. ಜೂಜಿನ ಚಟಕ್ಕೆ ಭಾಷಣಕ್ಕಿಂತ ಇದು ವಾಸಿ ಅನ್ನೋದು ನನ್ನ ನಂಬಿಕೆ.

ಯಾಕೆ ಈ ನಾಲ್ಕೇ ತಾಲ್ಲೂಕು? ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಲೆಕ್ಕದಲ್ಲೂ ಒಂದೇ ಕುಟುಂಬ. ಹೊಲದಲ್ಲಿ ಕಡಲೇಕಾಯಿ, ರಾಗಿ. ಮಳೆ ಬಂದ್ರೆ ಬದುಕು, ಇಲ್ಲಾಂದ್ರೆ ಬೆಂಗಳೂರಿನ ಬಸ್ಸು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯ್ತು. ರೈತರು ಜಮೀನು ಮಾರಿಲ್ಲ, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಒಳ್ಳೇದೇ ಆಯ್ತು ಅನ್ನಿ. ಆದ್ರೆ ಹುಟ್ಟಿದಾಗಿನಿಂದ ಉತ್ತು ಬಿತ್ತಿದವನು ನಲವತ್ತೈದಕ್ಕೇ ರಿಟೈರ್ ಆದಂಗಾಯ್ತಲ್ಲ, ಅವನ ಸಾಯಂಕಾಲಕ್ಕೆ ಏನು ವ್ಯವಸ್ಥೆ ಮಾಡಿದೀವಿ? ಬಾರು, ಮೊಬೈಲು, ಗಡಿ ದಾಟಿದ್ರೆ ಆಂಧ್ರದ ಪೇಕಾಟ. ಇಷ್ಟೇ ತಾನೇ?

ಸಂಜೆ ಹೊತ್ತು ನಾಲ್ಕು ಜನ ಒಂದು ಕಡೆ ಕೂತ್ರೆ ಬರೀ ಆಟ ನಡೆಯಲ್ಲ. ಯಾರ ಮನೇಲಿ ಜ್ವರ, ಯಾರ ಬೋರು ಬತ್ತಿತು, ಯಾರ ಮಗ ಬೆಂಗಳೂರಲ್ಲಿ ಫೋನ್ ಎತ್ತುತ್ತಿಲ್ಲ, ಎಲ್ಲಾ ಎಲೆ ಹಂಚೋ ಹೊತ್ತಿಗೆ ಮೇಜಿಗೆ ಬರುತ್ತೆ. ಒಬ್ಬ ಎರಡು ದಿನ ಕಾಣಲಿಲ್ಲ ಅಂದ್ರೆ ಮೂರನೇ ದಿನ ಅವನ ಜೋಡಿಯವನು ಮನೆಗೇ ಹೋಗಿ ಬಾಗಿಲು ತಟ್ಟುತ್ತಾನೆ, ಯಾಕಂದ್ರೆ ಇವನಿಲ್ಲದೆ ಅವನ ಆಟ ನಿಂತಿದೆ. ಫೋನಿನ ರಮ್ಮಿಯಲ್ಲಿ ನೀವು ಸತ್ತರೂ ಯಾರಿಗೂ ಗೊತ್ತಾಗಲ್ಲ, ನಿಮ್ಮ ಜಾಗಕ್ಕೆ ಅರ್ಧ ನಿಮಿಷದಲ್ಲಿ ಇನ್ನೊಬ್ಬ ಬಂದಿರ್ತಾನೆ.

ಹೆಂಗಸರ ಮಾತು ಬಿಟ್ರೆ ನನ್ನ ತಕರಾರು ಅರ್ಧ ಆಗುತ್ತೆ. ಅರಳೀಕಟ್ಟೆ ಎಂದೂ ಅವರದ್ದಾಗಿರಲಿಲ್ಲ. ಮರ ಸುತ್ತೋಕೆ ಬರಬಹುದು, ಕೂರೋಕಿಲ್ಲ. ನಮ್ಮಮ್ಮ ಚೌಕಾಬಾರ ಆಡಿದ್ದು ಶಿವರಾತ್ರಿ ಜಾಗರಣೆಗೆ ಮಾತ್ರ, ವರ್ಷಕ್ಕೊಂದು ರಾತ್ರಿ. ಆ ಒಂದು ರಾತ್ರಿಯಲ್ಲಿ ಕಾಯಿ ಕಡಿಯೋ ಅವರ ಲೆಕ್ಕಾಚಾರ ನೋಡಬೇಕಿತ್ತು ನೀವು! ಬ್ರಿಡ್ಜ್‌ಗೆ ಕಂಡಕ್ಟರೂ ಆಗಬಹುದು, ಕಾಲೇಜು ಹುಡುಗಿಯೂ ಆಗಬಹುದು, ಅರವತ್ತರ ಅಜ್ಜಿಯೂ ಆಗಬಹುದು. ಜಕಾರ್ತಾದಲ್ಲಿ ಬಂದ ಎರಡು ಕಂಚಲ್ಲಿ ಒಂದು ಗಂಡಸರು ಹೆಂಗಸರು ಒಟ್ಟಿಗೆ ಆಡೋ ಮಿಶ್ರ ತಂಡದ್ದು. ಕಟ್ಟೆ ಕೊಡದ ಜಾಗವನ್ನ ಮೇಜು ಕೊಡಲಿ.

"ರೀ, ರಿಕ್ರಿಯೇಶನ್ ಕ್ಲಬ್ ಅಂತ ಬೋರ್ಡ್ ಹಾಕಿ ಒಳಗೆ ಅಂದರ್ ಬಾಹರ್ ನಡೆಸೋರು ಎಷ್ಟು ಜನ ಇಲ್ಲ?" ಅಂತೀರಿ. ಇದ್ದಾರೆ. ಅದಕ್ಕೆ ಔಷಧಿ ಬಾಗಿಲು ಮುಚ್ಚೋದಲ್ಲ, ತೆಗೆದಿಡೋದು. ಲೈಬ್ರರಿ ಪಕ್ಕ, ತಾಲ್ಲೂಕು ಕ್ರೀಡಾಂಗಣದ ಕೋಣೆಯಲ್ಲಿ, ಎಲ್ಲರ ಕಣ್ಣೆದುರಿಗೆ, ಅಂಕಪಟ್ಟಿ ಗೋಡೆಗೆ ಅಂಟಿಸಿ ಆಡಲಿ. ಚೆಸ್‌ಗೂ ಕೇರಂಗೂ ಕೊಡೋ ಜಾಗವನ್ನ ಏಷ್ಯನ್ ಗೇಮ್ಸ್ ಚಿನ್ನ ತಂದ ಆಟಕ್ಕೆ ಕೊಡೋಕೆ ಏನು ಅಡ್ಡಿ?

ಈಗ ನಮ್ಮ ಸರದಿ. ಐಟಿಯಲ್ಲಿರೋ ನಾವೆಲ್ಲಾ ದಸರಾಕ್ಕೆ, ಸಂಕ್ರಾಂತಿಗೆ ಊರಿಗೆ ಹೋಗ್ತೀವಿ. ಅಪ್ಪನಿಗೆ ಸ್ಮಾರ್ಟ್‌ಫೋನು ಕೊಡಿಸಿ, "ಟೈಂಪಾಸ್ ಆಗುತ್ತೆ ಇಟ್ಕೋ" ಅಂತ ಬೆಳಗಿನ ಬಸ್ಸಿಗೆ ವಾಪಸ್ ಬರ್ತೀವಿ. ಈ ಸಲ ಎರಡು ಪ್ಯಾಕು ಎಲೆ ತಗೊಂಡು ಹೋಗಿ. ಮೊದಲು ಇಪ್ಪತ್ತೆಂಟು ಆಡಿ ಸೋಲಿ. ಆಮೇಲೆ ಉಳಿದ 20 ಎಲೆಯನ್ನೂ ಸೇರಿಸಿ ಬ್ರಿಡ್ಜ್ ಹೇಳಿಕೊಡಿ. ಒಂದು ತಿಂಗಳಲ್ಲಿ ನಾಲ್ಕು ಮೇಜಿಗಾಗೋಷ್ಟು ಜನ ಸಿಕ್ಕರೆ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆಯೋಣ, ಬರೆಯೋಕೆ ನಾನು ರೆಡಿ. ಬರೆದ ಮೇಲೂ ಯಾರಾದ್ರೂ ಬಂದು ಎಲೆ ಎತ್ತಿಕೊಂಡು ಹೋದ್ರೆ, 1967ರ ತೀರ್ಪಿನ ಒಂದು ಪ್ರತಿಯನ್ನೂ ಜೊತೆಗೆ ಕೊಟ್ಟು ಕಳಿಸೋಣ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಹಳೇ ಪೇಪರ್ ಜೊತೆ ಅದೂ ಇರಲಿ.